ತಪ್ಪು 'ಆಯಿತು', ಸರಿ. ಮಾಡಿದವರು ಯಾರು?



ನವರಾತ್ರಿ ಬಂತೆಂದರೆ ನಮ್ಮ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಒಂದು ಸೊಗಸಾದ ನೋಟ. ಸಾಲಾಗಿ ನಿಂತ ಕಾರು, ವ್ಯಾನುಗಳು. ಒಂದೊಂದರ ಹಣೆಗೂ ಅರಿಸಿನ ಕುಂಕುಮ, ಮೇಲೊಂದು ಹೂವಿನ ಹಾರ, ಚಕ್ರದಡಿಗೆ ನಿಂಬೆಹಣ್ಣು. ಅರ್ಚಕರು ಮಂಗಳಾರತಿ ಎತ್ತಿದ ಮೇಲೆ ಗಾಡಿ ಮೆಲ್ಲಗೆ ಮುಂದಕ್ಕೆ ಹೋಗಿ ನಿಂಬೆಹಣ್ಣು ಪಚಕ್ಕೆಂದರೆ ಮಕ್ಕಳಿಗೆಲ್ಲ ಖುಷಿಯೋ ಖುಷಿ. ಆ ಸಾಲಿನಲ್ಲಿ ಹಲವು ವರ್ಷ ನಮ್ಮ ಮನೆಯ ಹಳೆಯ ಪಿಕಪ್ ಟ್ರಕ್ಕೂ ನಿಲ್ಲುತ್ತಿತ್ತು. ಹಳಬರಿಗೆ ನೆನಪಿರಬಹುದು. ಗಣೇಶನ ಹಬ್ಬಕ್ಕೆ ಬಾಡಿಗೆ ಮೇಜು ಕುರ್ಚಿ, ಯುಗಾದಿ ಊಟಕ್ಕೆ ಅಕ್ಕಿ ಮೂಟೆ, ಯಾರಾದರೂ ಮನೆ ಬದಲಾಯಿಸಿದರೆ ಅವರ ಮಂಚ ಹಾಸಿಗೆ, ಎಲ್ಲವನ್ನೂ ಹೊತ್ತ ಗಾಡಿ ಅದು.

ಆ ಟ್ರಕ್ಕಿನ ಎಂಜಿನ್ ಒಮ್ಮೆ ಸೀಜ್ ಆಯಿತು. ನಾನೂ ನನ್ನ ಮಗನೂ ಸೇರಿ ಮನೆಯ ಗ್ಯಾರೇಜಿನಲ್ಲೇ ಅದನ್ನು ಇಳಿಸಿ ಬೇರೆ ಎಂಜಿನ್ ಕೂರಿಸಿದೆವು. ಇಷ್ಟು ಸಂಗತಿಯನ್ನು ಅನೇಕರಿಗೆ ನಾನೇ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಹೇಳದೆ ಬಿಟ್ಟ ಭಾಗ ಒಂದಿದೆ. ಈ ಲೇಖನ ಅದರ ಬಗ್ಗೆ. ಒಂದು ಅನಾಹುತಕ್ಕೆ ಹತ್ತು ಕಾರಣಗಳಿರುವಾಗ ಹೊಣೆ ಯಾರದು? ಯಾರ ಕಣ್ಣಿಗೂ ಬೀಳದ ತಪ್ಪನ್ನು ಹಿರಿಯನಾದವನು ಕಿರಿಯರ ಮುಂದೆ ಬಾಯಿಬಿಟ್ಟು ಹೇಳಬೇಕೆ? ಈ ಎರಡು ಪ್ರಶ್ನೆ ಅಂದಿನಿಂದ ನನ್ನನ್ನು ಕಾಡಿವೆ.

ನಡೆದದ್ದು 2007ರ ಮೇ ತಿಂಗಳಲ್ಲಿ. ಮಗ ಕಾಲೇಜಿನ ಮೊದಲ ವರ್ಷ ಮುಗಿಸಿದ್ದ. ಹಾಸ್ಟೆಲಿನ ಸಾಮಾನು ತರಲು ಶನಿವಾರ ಬೆಳಿಗ್ಗೆ ಟ್ರಕ್ ಒಯ್ಯುವುದೆಂದು ತೀರ್ಮಾನವಾಗಿತ್ತು. ದೂರದ ದಾರಿ, ಆಯಿಲ್ ಬದಲಾಯಿಸಿಬಿಡೋಣ ಎಂದು ಶುಕ್ರವಾರ ಸಂಜೆ ನಾನೇ ಟ್ರಕ್ಕಿನಡಿಗೆ ತೂರಿಕೊಂಡೆ. ಈ ಕೆಲಸ ನನಗೆ ಹೊಸದಲ್ಲ. ಹಳೆಯ ಆಯಿಲ್ ಇಳಿಸಿದೆ, ಫಿಲ್ಟರ್ ಬಿಚ್ಚಿದೆ, ಹೊಸದು ಹಾಕಿದೆ, ಆರು ಕ್ವಾರ್ಟ್ ಹೊಸ ಆಯಿಲ್ ತುಂಬಿದೆ. ದೇವಸ್ಥಾನದ ಭಜನೆಗೆ ಹೊತ್ತಾಗುತ್ತಿತ್ತು. ಎಂಜಿನ್ ಶುರು ಮಾಡಿ ಅರ್ಧ ನಿಮಿಷ ಕೇಳಿಸಿಕೊಂಡು, ಸರಿಯಾಗಿದೆ ಎಂದು ಆರಿಸಿ, ಕೈ ತೊಳೆದು ಹೊರಟೆ.

ಮರುದಿನ ಹನ್ನೊಂದು ಗಂಟೆಗೆ ಮಗನ ಫೋನು. "ಅಪ್ಪ, ಹೈವೇ ಎಕ್ಸಿಟ್ಟಿನಲ್ಲಿ ನಿಂತಿದೀನಿ. ಟ್ರಕ್ ಢಬಢಬ ಅಂತ ಸದ್ದು ಮಾಡಿ ನಿಂತುಹೋಯ್ತು. ಸ್ಟಾರ್ಟೇ ಆಗ್ತಿಲ್ಲ."

ನಾನು ಕೇಳಿದ ಮೊದಲ ಮಾತು "ನಿನಗೇನೂ ಆಗಿಲ್ಲ ತಾನೆ?" ಎಂದಲ್ಲ. "ಆಯಿಲ್ ಮುಳ್ಳು ನೋಡಿದೆಯೇನೋ?" ಎಂದು. "ನೋಡ್ತಾನೇ ಇದ್ದೆ ಅಪ್ಪ, ಮಧ್ಯದಲ್ಲೇ ಇತ್ತು, ಇದ್ದಕ್ಕಿದ್ದ ಹಾಗೆ ಬಿದ್ದುಹೋಯ್ತು" ಎಂದ. ನಾನು ನಂಬಲಿಲ್ಲ. ಆ ವಯಸ್ಸಿನ ಹುಡುಗರ ಕಣ್ಣು ಎಲ್ಲಿರುತ್ತದೆ, ಕಿವಿಯಲ್ಲಿ ಏನು ಮೊಳಗುತ್ತಿರುತ್ತದೆ ಎಂದು ನಮಗೆ ಗೊತ್ತಿಲ್ಲವೇ!

ಟ್ರಕ್ಕನ್ನು ಎಳೆಸಿಕೊಂಡು ಮನೆಗೆ ತಂದದ್ದಾಯಿತು. ಕ್ರ್ಯಾಂಕಿನ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ನಾವಿಬ್ಬರೂ ಜೋತುಬಿದ್ದರೂ ಎಂಜಿನ್ ಒಂದು ಕೂದಲಷ್ಟೂ ತಿರುಗಲಿಲ್ಲ. ಎಂಜಿನ್ನಿನೊಳಗಿನ ಕ್ರ್ಯಾಂಕ್ ಶಾಫ್ಟು ಬೇರಿಂಗಿಗೆ ತಾಗಿಕೊಂಡು ತಿರುಗುವುದಿಲ್ಲ. ಪಂಪು ಒತ್ತಡದಿಂದ ಕಳಿಸುವ ಆಯಿಲ್ಲು ಇಬ್ಬರ ನಡುವೆ ಕೂದಲೆಳೆಗಿಂತ ತೆಳುವಾದ ಪದರವಾಗಿ ನಿಲ್ಲುತ್ತದೆ, ಅದರ ಮೇಲೆ ಶಾಫ್ಟು ತೇಲುತ್ತದೆ. ಹೈವೇ ವೇಗದಲ್ಲಿ ನಿಮಿಷಕ್ಕೆ ಎರಡು ಸಾವಿರ ಸುತ್ತು. ಆ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜಿ, ಬೇರಿಂಗ್ ಕರಗಿ, ಶಾಫ್ಟನ್ನು ಕಚ್ಚಿಕೊಂಡುಬಿಡುತ್ತದೆ. ಇಷ್ಟಕ್ಕೆ ಕೆಲವೇ ನಿಮಿಷ ಸಾಕು. ಟ್ರಕ್ಕಿನ ಹೊಟ್ಟೆಯ ತುಂಬ ಆಯಿಲ್ ಮೆತ್ತಿತ್ತು. ಎಲ್ಲೋ ಹಳೆಯ ಸೀಲು ಹೋಗಿರಬೇಕು, ಇವನು ಮುಳ್ಳು ನೋಡದೆ ಓಡಿಸಿದ್ದಾನೆ ಎಂದು ನಾನು ತೀರ್ಪು ಕೊಟ್ಟೆ. ತೀರ್ಪಿನ ಜೊತೆಗೆ ದಂಡವನ್ನೂ ಹಾಕಿದೆ. ಗುಜರಿ ಯಾರ್ಡಿನಿಂದ ತರುವ ಹಳೆಯ ಎಂಜಿನ್ನಿಗೆ ಆರುನೂರು ಡಾಲರ್. ಅರ್ಧ ದುಡ್ಡು ಅವನ ಬೇಸಿಗೆ ಕೆಲಸದ ಸಂಪಾದನೆಯಿಂದ. ಹೊಣೆಗಾರಿಕೆ ಕಲಿಯಲಿ ಎಂಬುದು ನನ್ನ ವಾದ. ನನ್ನಾಕೆ "ಹೋಗಲಿ ಬಿಡ್ರೀ, ಮಗು ಸುರಕ್ಷಿತವಾಗಿ ಬಂತಲ್ಲ" ಎಂದದ್ದು ನನ್ನ ಕಿವಿಗೆ ಬೀಳಲಿಲ್ಲ. ಮಗ ಎದುರು ಮಾತಾಡದೆ ಒಪ್ಪಿಕೊಂಡ.

ನಮ್ಮೂರಿನ ಗ್ಯಾರೇಜುಗಳಲ್ಲಿ "ಎಂಜಿನ್ ಇಳಿಸಬೇಕು ಸಾರ್" ಎಂದರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ. ನಾವು ಅಪ್ಪ ಮಗ ಮೂರು ವಾರಾಂತ್ಯ ಅದನ್ನೇ ಮಾಡಿದೆವು. ಮೊದಲು ಬ್ಯಾಟರಿ ಬಿಚ್ಚಿದೆವು. ಕೂಲೆಂಟ್ ಇಳಿಸಿ ರೇಡಿಯೇಟರ್ ತೆಗೆದೆವು. ಪೆಟ್ರೋಲ್ ಪೈಪಿನ ಒತ್ತಡ ಇಳಿಸಿದ ಮೇಲೆಯೇ ಅದನ್ನು ಬಿಚ್ಚಿದ್ದು. ಒಂದೊಂದು ವೈರಿಗೂ ಟೇಪು ಸುತ್ತಿ ಮಗ ನಂಬರು ಬರೆದ. ಬೋಲ್ಟುಗಳನ್ನು ಅವನ ಅಮ್ಮನ ಹಳೆಯ ಉಪ್ಪಿನಕಾಯಿ ಡಬ್ಬಿಗಳಲ್ಲಿ ವಿಂಗಡಿಸಿ ಇಟ್ಟ. ಎಕ್ಸಾಸ್ಟಿನ ತುಕ್ಕು ಹಿಡಿದ ಎರಡು ಬೋಲ್ಟುಗಳಿಗೇ ಒಂದು ದಿನ ಹಿಡಿಯಿತು. ಬಾಡಿಗೆಗೆ ತಂದ ಹಾಯಿಸ್ಟಿನ ಸರಪಳಿ ಬಿಗಿಯಾಗಿ, ಐನೂರು ಪೌಂಡಿಗೂ ಮಿಕ್ಕ ಕಬ್ಬಿಣದ ಮುದ್ದೆ ತೂಗಾಡುತ್ತ ಮೇಲೆದ್ದಾಗ ನಾವಿಬ್ಬರೂ ಉಸಿರು ಹಿಡಿದು ನಿಂತಿದ್ದೆವು. ಅವನು ಹುಟ್ಟಿದಾಗಿನಿಂದ ಅಷ್ಟು ಹೊತ್ತು ಒಟ್ಟಿಗೆ ನಾವು ಕಳೆದದ್ದಿರಲಿಲ್ಲ. ಆದರೂ ಅವನು ಕೆಲಸದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ಎರಡನೆಯ ಭಾನುವಾರದ ಮಧ್ಯಾಹ್ನ. ಮಗ ಊಟಕ್ಕೆ ಒಳಗೆ ಹೋಗಿದ್ದ. ಸತ್ತ ಎಂಜಿನ್ನಿನಿಂದ ಹೊಸದಕ್ಕೆ ಕೆಲವು ಬ್ರಾಕೆಟ್ಟು, ಸೆನ್ಸರುಗಳನ್ನು ಸಾಗಿಸಬೇಕಿತ್ತು. ಅಡ್ಡ ಬರುತ್ತಿದ್ದ ಫಿಲ್ಟರನ್ನು ಬಿಚ್ಚಿದೆ. ಫಿಲ್ಟರಿನ ಬಾಯಿಗೆ ಒಂದು ರಬ್ಬರ್ ಗ್ಯಾಸ್ಕೆಟ್ ಇರುತ್ತದೆ. ನನ್ನ ಕೈಯಲ್ಲಿದ್ದ ಫಿಲ್ಟರಿನ ಗ್ಯಾಸ್ಕೆಟ್ ಅದರಲ್ಲೇ ಇತ್ತು. ಎಂಜಿನ್ನಿನ ಮೈಗೆ ಅಂಟಿಕೊಂಡು, ಒಂದು ಕಡೆ ಹೊರಗೆ ಹಿಸುಕಿಕೊಂಡು, ಇನ್ನೊಂದು ಗ್ಯಾಸ್ಕೆಟ್ ಇತ್ತು.

ಈ ಕೆಲಸ ಮಾಡಿದವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗಾಗಿ ಒಂದೆರಡು ಮಾತು. ಹಳೆಯ ಫಿಲ್ಟರ್ ಬಿಚ್ಚುವಾಗ ಅದರ ರಬ್ಬರು ಕೆಲವೊಮ್ಮೆ ಎಂಜಿನ್ನಿಗೇ ಅಂಟಿಕೊಂಡು ಉಳಿದುಬಿಡುತ್ತದೆ. ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿಯೇ ಹೊಸದನ್ನು ಹಾಕಬೇಕು. ನೋಡದೆ ಹಾಕಿದರೆ ರಬ್ಬರಿನ ಮೇಲೆ ರಬ್ಬರು ಕೂರುತ್ತದೆ. ನಿಂತ ಗಾಡಿಯಲ್ಲಿ ಅರ್ಧ ನಿಮಿಷ ಅದು ಸೋರದೆ ಇರಬಹುದು. ಹೈವೇಯಲ್ಲಿ ಒತ್ತಡ ಏರಿದ ಮೇಲೆ ಒಂದು ಜಾರಿ ಹೊರಬರುತ್ತದೆ, ಆರು ಕ್ವಾರ್ಟ್ ಆಯಿಲ್ ಕೆಲವೇ ನಿಮಿಷದಲ್ಲಿ ರಸ್ತೆಯ ಪಾಲಾಗುತ್ತದೆ.

ಶುಕ್ರವಾರ ಸಂಜೆ ನಾನು ಬೆರಳಾಡಿಸಿ ನೋಡಿರಲಿಲ್ಲ.

ಗ್ಯಾರೇಜಿನಲ್ಲಿ ನಾನೊಬ್ಬನೇ. ಆ ರಬ್ಬರನ್ನು ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಮಗ ಊಟ ಮುಗಿಸಿ ಬಂದ. ನಾನು ಏನೂ ಹೇಳಲಿಲ್ಲ. ಅಂದು ರಾತ್ರಿಯೂ ಹೇಳಲಿಲ್ಲ. ಮರುದಿನವೂ ಇಲ್ಲ. ಐದು ದಿನ ಹೇಳಲಿಲ್ಲ.

ಆ ಐದು ದಿನ ನನ್ನ ಮನಸ್ಸು ಮಾಡಿದ ವಕೀಲಿಯನ್ನು ಇಲ್ಲಿ ಮುಚ್ಚಿಡದೆ ಬರೆಯಬೇಕು, ಏಕೆಂದರೆ ವಕೀಲನಿಗೆ ಪುಸ್ತಕ ಒದಗಿಸಿದ್ದು ನಮ್ಮ ಶಾಸ್ತ್ರವೇ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವ ಕರ್ಮಕ್ಕೂ ಐದು ಕಾರಣಗಳೆಂದು ಹೇಳಿದೆ: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ಐದನೆಯದು ದೈವ. ನಮ್ಮ ದೇವಸ್ಥಾನದ ಗೀತಾ ತರಗತಿಯಲ್ಲಿ ಈ ಭಾಗವನ್ನು ನಾನೇ ಒಮ್ಮೆ ವಿವರಿಸಿದ್ದೆ. ಈಗ ಅದನ್ನೇ ತಿರುಗಿಸಿಕೊಂಡೆ. ಎಂಜಿನ್ ಹಳೆಯದು, ಅದು ಅಧಿಷ್ಠಾನ. ರಬ್ಬರು ಅಂಟಿಕೊಂಡದ್ದು ಕರಣದ ದೋಷ. ಓಡಿಸಿದವನು ಅವನು, ಚೇಷ್ಟೆ ಅವನದು. ಭಜನೆಗೆ ಹೊತ್ತಾದದ್ದು ದೈವ. ಹೀಗೆ ನಾಲ್ಕು ಕಾರಣಗಳನ್ನು ಚೊಕ್ಕವಾಗಿ ಜೋಡಿಸಿ ಮುಗಿಸಿದಾಗ ಕರ್ತೃ ಎಂಬವನು ಎಲ್ಲೂ ಕಾಣಿಸಲಿಲ್ಲ!

ನಮ್ಮ ಭಾಷೆಯೂ ಈ ಕೆಲಸದಲ್ಲಿ ಒತ್ತಾಸೆಯಾಗಿ ನಿಲ್ಲುತ್ತದೆ. "ಲೋಟ ಬಿತ್ತು" ಎನ್ನುತ್ತೇವೆ, ಬೀಳಿಸಿದವರಿಲ್ಲ. "ಹಾಲು ಉಕ್ಕಿತು", "ಹೊತ್ತಾಯಿತು", "ಎಂಜಿನ್ ಹೋಯಿತು". ಕ್ಷಮೆ ಕೇಳುವಾಗಲೂ "ತಪ್ಪಾಯಿತು" ಎನ್ನುತ್ತೇವೆ. ತಪ್ಪು ತಾನಾಗಿಯೇ ಮಳೆಯ ಹಾಗೆ ಬಂದು ಹೋಯಿತೋ ಎಂಬಂತೆ. ಅದು ವಿನಯದ ಮಾತು, ನಿಜ. ಚಿಕ್ಕಂದಿನಲ್ಲಿ ಹಿರಿಯರ ಕಾಲಿಗೆ ಬಿದ್ದು ನಾವೆಲ್ಲ ಹೇಳಿದ ಮಾತು. ಆದರೆ "ನಾನು ತಪ್ಪು ಮಾಡಿದೆ" ಎನ್ನುವಾಗ ನಾಲಿಗೆಗೆ ಆಗುವ ಕಷ್ಟ "ತಪ್ಪಾಯಿತು" ಎನ್ನುವಾಗ ಆಗುವುದಿಲ್ಲ. ಒಮ್ಮೆ ಹೇಳಿ ನೋಡಿ.

ಶುಕ್ರವಾರ ಸಂಜೆ ಮಗ ತನ್ನ ಮೊದಲ ಸಂಬಳದ ದುಡ್ಡು ತಂದು ಊಟದ ಮೇಜಿನ ಮೇಲಿಟ್ಟ. ನೂರೈವತ್ತು ಡಾಲರ್. "ಅಪ್ಪ, ಇದು ಅರ್ಧ. ಉಳಿದದ್ದು ಮುಂದಿನ ಚೆಕ್ ಬಂದಾಗ ಕೊಡ್ತೀನಿ." ನೋಟುಗಳು ಉಪ್ಪಿನ ಬಟ್ಟಲಿನ ಪಕ್ಕದಲ್ಲಿದ್ದವು. ಅಲ್ಲಿಯವರೆಗೆ ನನ್ನದು ಬರೀ ಮೌನ. ಆ ನೋಟುಗಳನ್ನು ಮುಟ್ಟಿದರೆ ಅದು ಕಳ್ಳತನ. ಅಷ್ಟು ಸ್ಪಷ್ಟವಾಗಿ ನನಗೆ ಆ ತನಕ ತಿಳಿದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಕಳ್ಳ ಎನ್ನದಿದ್ದರೂ ನನ್ನ ಕೈ ಜೇಬಿಗೆ ಹೋಯಿತು.

ರಬ್ಬರನ್ನು ಮೇಜಿನ ಮೇಲಿಟ್ಟೆ. "ಇದು ಹಳೇ ಫಿಲ್ಟರಿನದು. ನಾನು ತೆಗೀಲಿಲ್ಲ. ಎಂಜಿನ್ ಹಾಳುಮಾಡಿದ್ದು ನಾನು ಕಣೋ, ನೀನಲ್ಲ. ಭಾನುವಾರವೇ ನನಗೆ ಗೊತ್ತಾಯ್ತು. ಹೇಳಲಿಲ್ಲ" ಎಂದೆ. ಕೊನೆಯ ಎರಡು ಮಾತುಗಳೇ ಹೆಚ್ಚು ಕಷ್ಟವಾದದ್ದು.

ಅವನು ಅದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ, "ಮುಳ್ಳು ನೋಡ್ತಾ ಇದ್ದೆ ಅಂತ ನಾನು ಹೇಳಿದ್ದೆ ಅಪ್ಪ." ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ವಾಸಿಯಾಗುತ್ತಿತ್ತು. ಅವನು ಹೇಳಿದ್ದು ನಿಜವೇ ಎಂದು ಆಮೇಲೆ ಕೈಪಿಡಿ ಓದಿದಾಗ ತಿಳಿಯಿತು. ಆ ಟ್ರಕ್ಕಿನ ಆಯಿಲ್ ಮುಳ್ಳು ಒತ್ತಡವನ್ನು ನಿಜವಾಗಿ ಅಳೆಯುವುದೇ ಇಲ್ಲ. ಒತ್ತಡ ಒಂದು ಕನಿಷ್ಠ ಮಟ್ಟದ ಮೇಲಿರುವ ತನಕ ನಡುವೆ ನಿಂತಿರುತ್ತದೆ, ಕೆಳಗಿಳಿದ ಕೂಡಲೇ ಸೊನ್ನೆಗೆ ಬೀಳುತ್ತದೆ. ಅವನು ಕಂಡದ್ದನ್ನೇ ಹೇಳಿದ್ದ.

ಇನ್ನೂ ಸ್ವಲ್ಪ ಹೊತ್ತಿನ ಮೇಲೆ ಅವನೇ ಮತ್ತೆ ಬಾಯಿಬಿಟ್ಟ. "ಮುಳ್ಳು ಬಿದ್ದಾಗ ಎಕ್ಸಿಟ್ಟಿಗೆ ಎರಡು ಮೈಲಿ ಇತ್ತು. ಅಲ್ಲೇ ನಿಲ್ಲಿಸಬೇಕಿತ್ತು. ಹೇಗೋ ಅಲ್ಲಿಗೆ ತಲುಪಿಬಿಡೋಣ ಅಂತ ಓಡಿಸಿದೆ. ನಿನಗೆ ಹೇಳಿರಲಿಲ್ಲ."

ಓದುಗರೇ, ಆ ಎರಡು ಮೈಲಿಯ ಮಾತು ನನ್ನ ಬೈಗುಳಕ್ಕೆ ಹೊರಬಂದಿರಲಿಲ್ಲ, ದಂಡಕ್ಕೆ ಹೊರಬಂದಿರಲಿಲ್ಲ. ನಾನು ಎಲ್ಲ ಹೊಣೆಯನ್ನೂ ಅವನ ತಲೆಗೆ ಕಟ್ಟಿದ್ದಾಗ ತನ್ನ ಪಾಲಿನ ಚೂರನ್ನು ಒಪ್ಪಿಕೊಳ್ಳಲು ಅವನಿಗೆ ಜಾಗವೇ ಇರಲಿಲ್ಲ. ಅಷ್ಟನ್ನು ಒಪ್ಪಿದರೆ ಎಲ್ಲವನ್ನೂ ಒಪ್ಪಿದಂತೆ ಆಗುತ್ತಿತ್ತು. ನಾನು ನನ್ನ ಪಾಲನ್ನು ಎತ್ತಿಕೊಂಡ ಮೇಲೆ ಅವನ ಪಾಲು ಅವನಿಗೆ ಎತ್ತಬಹುದಾದಷ್ಟು ಹಗುರವಾಯಿತು.

ಆಗ ಗೀತೆಯ ಆ ಶ್ಲೋಕಗಳನ್ನು ಮತ್ತೆ ತೆಗೆದು ಓದಿದೆ. ಐದು ಕಾರಣಗಳನ್ನು ಹೇಳಿದ ಬೆನ್ನಲ್ಲೇ, ತಾನೊಬ್ಬನೇ ಕರ್ತೃ ಎಂದು ತಿಳಿಯುವವನು ಸರಿಯಾಗಿ ಕಾಣುತ್ತಿಲ್ಲ ಎಂಬ ಮಾತು ಬರುತ್ತದೆ. ಇದು ಅಹಂಕಾರಕ್ಕೆ ಹಾಕಿದ ಕಡಿವಾಣ. ನಾನು ಅದನ್ನು ಹೊಣೆಯಿಂದ ಪಾರಾಗುವ ಕಿಂಡಿ ಮಾಡಿಕೊಂಡಿದ್ದೆ. ನನ್ನ ಅಲ್ಪಮತಿಗೆ ತೋಚಿದ್ದು ಇಷ್ಟು: ಬೇರೆಯವರ ತಪ್ಪನ್ನು ತೂಗುವಾಗ ಐದು ಕಾರಣಗಳನ್ನೂ ಎಣಿಸಬೇಕು. ಗಾಡಿ ಹೇಗಿತ್ತು, ಹುಡುಗನಿಗೆ ಕಲಿಸಿದವರು ಯಾರು, ಮುಳ್ಳು ಏನು ತೋರಿಸಿತು, ದೈವ ಏನು ಮಾಡಿತು ಎಂದೆಲ್ಲ. ನಮ್ಮ ತಪ್ಪನ್ನು ತೂಗುವಾಗ ಎಣಿಕೆ ಕರ್ತೃವಿನಿಂದ ಶುರುವಾಗಬೇಕು. ನಾನು ಮಾಡಿದ್ದು ಇದರ ತಿರುವುಮುರುವು. ಅವನ ವಿಷಯದಲ್ಲಿ ಕರ್ತೃವನ್ನು ಮಾತ್ರ ಕಂಡೆ, ನನ್ನ ವಿಷಯದಲ್ಲಿ ಕರ್ತೃವನ್ನು ಬಿಟ್ಟು ಉಳಿದೆಲ್ಲವನ್ನೂ ಕಂಡೆ. ಮನೆಮನೆಯ ಜಗಳಗಳನ್ನು ನೋಡಿದರೆ ಈ ರೋಗ ನನ್ನೊಬ್ಬನದಲ್ಲ ಎನಿಸುತ್ತದೆ.

ಇಲ್ಲಿ ಕೆಲವರು ಕೇಳಬಹುದು. ಮಕ್ಕಳ ಮುಂದೆ ಹೀಗೆ ತಪ್ಪೊಪ್ಪಿಕೊಂಡರೆ ಹಿರಿಯರ ಮೇಲಿನ ಗೌರವ ಉಳಿಯುತ್ತದೆಯೇ? ಮೊದಲೇ ಇದು ಪರದೇಶ, ಇಲ್ಲಿನ ಮಕ್ಕಳಿಗೆ ಅಪ್ಪ ಅಮ್ಮನ ಭಯವಿಲ್ಲ. ಈ ಆತಂಕ ನನಗೂ ಇತ್ತು. ಆ ಐದು ದಿನದ ಮೌನಕ್ಕೆ ನಿಜವಾದ ಕಾರಣವೂ ಅದೇ. ನಮ್ಮ ತಂದೆಯವರು ಒಂದು ದಿನವೂ ನಮ್ಮೆದುರು ತಪ್ಪೊಪ್ಪಿಕೊಂಡದ್ದನ್ನು ನಾನು ಕಂಡಿಲ್ಲ. ಅದು ಆ ಕಾಲದ ರೀತಿ. ಗಾಂಧೀಜಿ ಹುಡುಗನಾಗಿದ್ದಾಗ ಅಣ್ಣನ ಕಡಗದ ಚೂರು ಬಂಗಾರ ಕದ್ದು, ಚೀಟಿ ಬರೆದು ತಂದೆಗೆ ಒಪ್ಪಿಸಿದ್ದನ್ನು, ತಂದೆ ಓದಿ ಕಣ್ಣೀರು ಹಾಕಿ ಚೀಟಿ ಹರಿದದ್ದನ್ನು ಅವರ ಆತ್ಮಕಥೆಯಲ್ಲಿ ಓದಿದ್ದೇವೆ, ಮಕ್ಕಳಿಗೂ ಹೇಳಿದ್ದೇವೆ. ಮಗ ತಂದೆಗೆ ಒಪ್ಪಿಸಿದ ಕಥೆ ನಮಗೆ ಪ್ರಿಯ. ತಂದೆ ಮಗನಿಗೆ ಒಪ್ಪಿಸಬೇಕಾದಾಗ ಯಾವ ಕಥೆಯೂ ನೆನಪಿಗೆ ಬರುವುದಿಲ್ಲ!

ಆದರೆ ನಮ್ಮ ಧರ್ಮಶಾಸ್ತ್ರಗಳು ಈ ವಿಷಯದಲ್ಲಿ ಹಿರಿಯ ಕಿರಿಯ ಎಂದು ರಿಯಾಯಿತಿ ಕೊಟ್ಟಂತೆ ಕಾಣುವುದಿಲ್ಲ. ಪಾಪದಿಂದ ಬಿಡುಗಡೆಯ ದಾರಿಗಳನ್ನು ಹೇಳುವಾಗ ಮನುಸ್ಮೃತಿ ಮೊದಲು ಹೆಸರಿಸುವುದು ಖ್ಯಾಪನ, ಎಂದರೆ ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದು. ಪಶ್ಚಾತ್ತಾಪ, ತಪಸ್ಸು, ಅಧ್ಯಯನ ಎಲ್ಲ ಅದರ ನಂತರ. ದಾನ ಆಪತ್ಕಾಲಕ್ಕೆ. ಇದರ ಅರ್ಥ ನನಗೆ ಗ್ಯಾರೇಜಿನಲ್ಲಿ ಆಯಿತು. ಹೇಳದೆ ಪಶ್ಚಾತ್ತಾಪ ಪಡುವುದು ಸುಲಭ. ಐದು ದಿನ ನಾನು ಧಾರಾಳವಾಗಿ ಪಟ್ಟಿದ್ದೆ. ಮಗನಿಗೆ ಇಷ್ಟದ ಮಸಾಲೆ ದೋಸೆ ಕೊಡಿಸಿದೆ, ಎಂದಿಗಿಂತ ಮೆದುವಾಗಿ ಮಾತಾಡಿದೆ. ಅದರಿಂದ ಅವನ ತಲೆಯ ಮೇಲಿದ್ದ ಸುಳ್ಳು ಹೊರೆ ಒಂದು ಔನ್ಸೂ ಇಳಿಯಲಿಲ್ಲ. ಹೊರೆ ಇಳಿಸಲು ಮಾತೇ ಬೇಕಿತ್ತು. ಇನ್ನು ಗೌರವದ ವಿಷಯ. ಉಳಿದ ಒಂದು ವಾರಾಂತ್ಯ ಅವನು ಕೆಲಸದ ಮಾತಿನ ಜೊತೆಗೆ ಕಾಲೇಜಿನ ಮಾತನ್ನೂ ಆಡಿದ. ನಾನು ಹಾಕಿದ ಪ್ರತಿಯೊಂದು ಬೋಲ್ಟನ್ನು ಮತ್ತೊಮ್ಮೆ ತಿರುಗಿಸಿ ನೋಡಿದ, ಅದೂ ನಿಜ. ಎರಡೂ ಒಳ್ಳೆಯದಕ್ಕೇ.

ಅವನ ನೂರೈವತ್ತು ಡಾಲರ್ ಹಿಂತಿರುಗಿಸಿದೆ. ಅವನು ಐವತ್ತನ್ನು ಮೇಜಿನ ಮೇಲೇ ಬಿಟ್ಟು ಎದ್ದ. ಏನೋ ಎಂದೆ. "ಎರಡು ಮೈಲಿಗೆ" ಎಂದ. ಬೇಡವೆನ್ನಲು ಬಾಯಿ ತೆರೆದೆ, ನನ್ನಾಕೆ ಕಣ್ಣಿನಲ್ಲೇ ತಡೆದಳು. ಅವನ ಪಾಲನ್ನು ಅವನಿಂದ ಕಿತ್ತುಕೊಳ್ಳುವ ಹಕ್ಕೂ ನನಗಿರಲಿಲ್ಲ. ಎಲ್ಲವೂ ನನ್ನದೇ ತಪ್ಪು ಎಂದು ಹೊತ್ತುಕೊಳ್ಳುವುದರಲ್ಲೂ ಒಂದು ದೊಡ್ಡಸ್ತಿಕೆಯಿದೆ. ಅದೂ ತಾನೊಬ್ಬನೇ ಕರ್ತೃ ಎನ್ನುವವನ ಮಾತೇ.

ಮೂರನೆಯ ಭಾನುವಾರ ಸಂಜೆ ಎಂಜಿನ್ ಶುರುವಾಯಿತು. ಕೆಳಗೆ ಹಲಗೆಯ ಮೇಲೆ ಮಲಗಿ ಟಾರ್ಚು ಬಿಟ್ಟುಕೊಂಡು ಫಿಲ್ಟರನ್ನೇ ಹತ್ತು ನಿಮಿಷ ನೋಡಿದೆವು. ಒಂದು ತೊಟ್ಟೂ ಸೋರಲಿಲ್ಲ. ಆ ಟ್ರಕ್ಕು ಮುಂದೆ ಆರು ವರ್ಷ ನಮ್ಮ ಗಣೇಶನ ಮೇಜು ಕುರ್ಚಿ ಹೊತ್ತಿತು.

ಈಗ ಆ ಗಾಡಿ ಇಲ್ಲ. ಮಗನಿಗೇ ಒಬ್ಬ ಮಗಳಿದ್ದಾಳೆ. ಗ್ಯಾರೇಜಿನ ಗೋಡೆಯ ಮೊಳೆಗೆ ಆ ರಬ್ಬರು ಮಾತ್ರ ಇನ್ನೂ ನೇತಾಡುತ್ತಿದೆ. ಆಯುಧಪೂಜೆಯ ದಿನ ಸ್ಪ್ಯಾನರುಗಳನ್ನೆಲ್ಲ ಒರೆಸಿ ಮಣೆಯ ಮೇಲೆ ಜೋಡಿಸುವಾಗ ನನ್ನಾಕೆ ಅದನ್ನೂ ತಂದಿಟ್ಟು ಕುಂಕುಮ ಹಚ್ಚುತ್ತಾಳೆ. ಮೊದಲ ವರ್ಷ ತಮಾಷೆಗೆ ಇಟ್ಟದ್ದು, ಈಗ ಪದ್ಧತಿಯಾಗಿದೆ. ಉಪಕರಣಗಳನ್ನು ವರ್ಷಕ್ಕೊಮ್ಮೆ ಕೆಳಗಿಳಿಸಿ, ಒರೆಸಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ಎಂದು ಹಿರಿಯರು ಈ ಹಬ್ಬವನ್ನು ಇಟ್ಟದ್ದು ಸುಮ್ಮನೆ ಅಲ್ಲ. ಒರೆಸಿದಾಗ ತಾನೆ ಅಂಟಿಕೊಂಡದ್ದು ಕಾಣುವುದು?

ಬರುವ ಮಹಾನವಮಿಯಂದು ನಿಮ್ಮ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಡುವ ಮೊದಲು ಹುಡ್ ಎತ್ತಿ ಆಯಿಲ್ ಕಡ್ಡಿಯನ್ನು ಒಮ್ಮೆ ನೋಡಿ. ಮನೆಯಲ್ಲಿ ಯಾರ ತಲೆಯ ಮೇಲಾದರೂ ನೀವು ಹೊರಿಸಿದ ಹೊರೆ ಇದ್ದರೆ, ಅದರಲ್ಲಿ ನಿಮ್ಮ ಪಾಲೆಷ್ಟು ಎಂದು ನೋಡಿ, ಅಷ್ಟನ್ನು ಹೇಳಿಬಿಡಿ. ಅವರ ಪಾಲನ್ನು ಅವರೇ ಹೇಳುತ್ತಾರೆ. ಹೇಳದಿದ್ದರೂ ಚಿಂತೆಯಿಲ್ಲ, ನಮ್ಮ ಲೆಕ್ಕ ಚುಕ್ತಾ ಆಗಿರುತ್ತದೆ.

ಎಲ್ಲರಿಗೂ ನವರಾತ್ರಿಯ ಶುಭಾಶಯಗಳು.